ಹೊರಟದ್ದೆಷ್ಟು, ತಲುಪಿದ್ದೆಷ್ಟು

2023ರ ಜುಲೈ 14ರ ಮಧ್ಯಾಹ್ನ ಶ್ರೀಹರಿಕೋಟಾದಲ್ಲಿ ನೆಲ ಬಿಟ್ಟೆದ್ದ ಎಲ್‌ವಿಎಂ-3 ರಾಕೆಟ್ಟಿನ ತೂಕ 640 ಟನ್. ಕಿಲೋ ಲೆಕ್ಕದಲ್ಲಿ 6,40,000. ನಲವತ್ತು ದಿನ ಕಳೆದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಅದರ ಒಡಲಿನಿಂದ ಹೊರಬಂದು ಅಲ್ಲಿ ಓಡಾಡಿದ ಪ್ರಜ್ಞಾನ್ ರೋವರಿನ ತೂಕ 26 ಕೆಜಿ. ಭಾಗಿಸಿ ನೋಡಿ. ಹೊರಟ ಪ್ರತಿ 24,600 ಕೆಜಿಗೆ ಚಂದ್ರನ ಮೇಲೆ ನಡೆದದ್ದು ಒಂದು ಕೆಜಿ. ಅದೂ ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗದಲ್ಲಿ, ಒಟ್ಟಾರೆ ನೂರು ಮೀಟರಿನಷ್ಟು ದೂರ.

ಬಾಹ್ಯಾಕಾಶ ಎಂದೊಡನೆ ನಮ್ಮ ಪತ್ರಿಕೆಗಳಿಗೆ ದೊಡ್ಡ ಅಂಕಿಗಳ ಮೇಲೆ ಮೋಹ. ಇಷ್ಟು ಟನ್, ಇಷ್ಟು ಲಕ್ಷ ಕಿ.ಮೀ., ಇಷ್ಟು ಕೋಟಿ ರೂಪಾಯಿ. ನನಗೆ ಬೆರಗು ಹುಟ್ಟಿಸುವುದು ಕೊನೆಗೆ ಉಳಿಯುವ ಸಣ್ಣ ಅಂಕಿ.

ಆ 640 ಟನ್ ಎಲ್ಲಿ ಹೋಯಿತು? ಎಡಬಲಕ್ಕೆ ಕಟ್ಟಿಕೊಂಡ ಎರಡು ಘನ ಇಂಧನದ ಬೂಸ್ಟರುಗಳಲ್ಲಿ ತಲಾ 205 ಟನ್ ಇಂಧನವಿತ್ತು. ಎರಡು ನಿಮಿಷ ಮತ್ತು ಮೇಲೊಂದಿಷ್ಟು ಸೆಕೆಂಡುಗಳಲ್ಲಿ ಅಷ್ಟೂ ಉರಿದು ಮುಗಿಯಿತು. ಅಂದರೆ ಸೆಕೆಂಡಿಗೆ ಮೂರು ಟನ್ನಿಗೂ ಹೆಚ್ಚು. ನಡುವಿನ ಹಂತದಲ್ಲಿ ಸುಮಾರು 115 ಟನ್ ದ್ರವ ಇಂಧನ. ತುದಿಯ ಕ್ರಯೋಜೆನಿಕ್ ಹಂತದಲ್ಲಿ 28 ಟನ್. ಅದರಲ್ಲಿನ ಹೈಡ್ರೋಜನ್ ದ್ರವವಾಗಿ ಉಳಿಯಬೇಕಾದರೆ ಸೊನ್ನೆಗಿಂತ 253 ಡಿಗ್ರಿ ಕೆಳಗಿರಬೇಕು. ಇವೆಲ್ಲ ಕೂಡಿದರೆ 550 ಟನ್ ದಾಟುತ್ತದೆ. ನೂರಕ್ಕೆ 86 ಪಾಲು ಉರಿಯುವುದಕ್ಕೆಂದೇ ಹೊರಟಿತ್ತು. ಮಿಕ್ಕಿದ್ದರಲ್ಲಿ ಬಹುಪಾಲು ಬರಿದಾದ ಕವಚ, ಟ್ಯಾಂಕು, ಎಂಜಿನ್ನು. ಇಷ್ಟೆಲ್ಲ ಕಳೆದ ಮೇಲೆ ಬಾಹ್ಯಾಕಾಶದಲ್ಲಿ ಕೈಬಿಟ್ಟ ನೌಕೆಯ ತೂಕ 3,900 ಕೆಜಿ. ಅದರಲ್ಲೂ 2,148 ಕೆಜಿ ಚಂದ್ರನವರೆಗೆ ತಳ್ಳಿಕೊಂಡು ಹೋಗುವ ಘಟಕದ್ದು. ರೋವರನ್ನೂ ಸೇರಿಸಿ ವಿಕ್ರಮ್ ಲ್ಯಾಂಡರಿನ ಪಾಲಿಗೆ ಬಂದದ್ದು 1,752 ಕೆಜಿ. ಇಳಿಯುವಾಗ ವೇಗ ತಗ್ಗಿಸಲು ಅದರೊಳಗಿನ ಇಂಧನವನ್ನೂ ಸುಡಬೇಕಾಯಿತು.

ಇದನ್ನು ದುಂದು ಅನ್ನುವ ಹಾಗಿಲ್ಲ. ಇಂಧನವನ್ನು ಹೊರಲು ಇಂಧನ ಬೇಕು, ಆ ಇಂಧನವನ್ನು ಹೊರಲು ಮತ್ತಷ್ಟು ಬೇಕು. ಈ ಸರಪಳಿಗೆ ಸೂತ್ರ ಕಟ್ಟಿ 1903ರಲ್ಲಿ ಅಚ್ಚು ಹಾಕಿಸಿದವರು ರಷ್ಯದ ಕಲುಗಾ ಊರಿನ ಶಾಲಾ ಮೇಷ್ಟ್ರು, ಬಾಲ್ಯದಲ್ಲೇ ಕಿವಿ ಮಂದವಾಗಿದ್ದ ಕಾನ್‌ಸ್ಟಾಂಟಿನ್ ತ್ಸಿಯೊಲ್ಕೊವ್‌ಸ್ಕಿ. ಆ ಸೂತ್ರ ಹೇಳುವುದು ಇಷ್ಟು. ಎಂಜಿನ್ನಿನಿಂದ ಬಿಸಿ ಅನಿಲ ಎಷ್ಟು ವೇಗದಲ್ಲಿ ಹೊರಚಿಮ್ಮುತ್ತದೋ ಅಷ್ಟೇ ವೇಗ ರಾಕೆಟ್ಟಿಗೂ ಬೇಕೆಂದರೆ, ಹೊರಟ ತೂಕದ ನೂರಕ್ಕೆ 63 ಪಾಲು ಉರಿದಿರಬೇಕು. ಅದರ ಎರಡರಷ್ಟು ವೇಗ ಬೇಕೆಂದರೆ 86 ಪಾಲು. ಮೂರರಷ್ಟು ಬೇಕೆಂದರೆ 95. ಇನ್ನು ಅನಿಲದ ವೇಗವಾದರೂ ಎಷ್ಟು? ಹೈಡ್ರೋಜನ್ನನ್ನೇ ಆಮ್ಲಜನಕದ ಜೊತೆ ಉರಿಸಿದರೂ ಸೆಕೆಂಡಿಗೆ ನಾಲ್ಕೂವರೆ ಕಿ.ಮೀ. ಆಸುಪಾಸು. ಭೂಮಿಯ ಸುತ್ತ ಹತ್ತಿರದ ಕಕ್ಷೆಯಲ್ಲಿ ನಿಲ್ಲುವುದಕ್ಕೇ ಸೆಕೆಂಡಿಗೆ ಸುಮಾರು 7.8 ಕಿ.ಮೀ. ವೇಗ ಬೇಕು, ಗಾಳಿಯನ್ನೂ ಗುರುತ್ವವನ್ನೂ ಗೆಲ್ಲಲು ತೆರುವ ದಂಡ ಬೇರೆ. ಚಂದ್ರ ಆಮೇಲಿನ ಮಾತು.

ಸ್ಪೇಸ್‌ಎಕ್ಸ್ ಕಂಪನಿಯ ಬೂಸ್ಟರುಗಳು ಹಿಂದಿರುಗಿ ನೆಟ್ಟಗೆ ನಿಲ್ಲುವುದನ್ನು ನೋಡಿ, ಈ ಲೆಕ್ಕವೇ ಬದಲಾಯಿತು ಎಂದುಕೊಳ್ಳುವವರಿದ್ದಾರೆ. ಬದಲಾದದ್ದು ಹಣದ ಲೆಕ್ಕ. ತೂಕದ ಲೆಕ್ಕ ಇನ್ನಷ್ಟು ಬಿಗಿಯಾಯಿತು, ಏಕೆಂದರೆ ವಾಪಸು ಬರುವ ಇಂಧನವನ್ನೂ ಹೋಗುವಾಗಲೇ ಹೊತ್ತುಕೊಂಡು ಹೋಗಬೇಕು.

ಮಂಗಳಯಾನದ್ದೂ ಇದೇ ಕತೆ. 2013ರ ನವೆಂಬರ್ 5ರಂದು ಎದ್ದ ಪಿಎಸ್‌ಎಲ್‌ವಿ ಸುಮಾರು 320 ಟನ್. ನೌಕೆ 1,337 ಕೆಜಿ. ಅದರಲ್ಲಿ 850 ಕೆಜಿಯಷ್ಟು ಇಂಧನ. ಮಂಗಳವನ್ನು ನೋಡಲಿಕ್ಕೆಂದು ಇಟ್ಟ ಐದು ಉಪಕರಣಗಳು ಸೇರಿ 15 ಕೆಜಿ ಮೀರಲಿಲ್ಲ. ಮಂಗಳದ ಪೂರ್ಣಬಿಂಬವನ್ನು ಬಣ್ಣದಲ್ಲಿ ತೆಗೆದು ಕಳಿಸಿದ ಕ್ಯಾಮೆರಾ 1.27 ಕೆಜಿ. ಮುಂದೆ 2,000 ರೂಪಾಯಿ ನೋಟಿನ ಹಿಂಬದಿಗೆ ಏರಿದ್ದು ಇದೇ ನೌಕೆ. ನೋಟಿಗಿಂತ ನೌಕೆಯೇ ಹೆಚ್ಚು ವರ್ಷ ಚಲಾವಣೆಯಲ್ಲಿತ್ತು.

ಹೋಗಿ ಕೂರುವುದೇ ಹೀಗಾದರೆ, ಹೋದಲ್ಲಿಂದ ಏನನ್ನಾದರೂ ತರಬೇಕೆಂದರೆ ಲೆಕ್ಕ ಕ್ರೂರವಾಗುತ್ತದೆ. ಅಪೋಲೋ ಕಾಲದ ಸ್ಯಾಟರ್ನ್-5 ರಾಕೆಟ್ಟು ಒಂದೊಂದೂ 2,900 ಟನ್ ತೂಗುತ್ತಿತ್ತು. ಮನುಷ್ಯರು ಚಂದ್ರನ ಮೇಲಿಳಿದ ಆರು ಯಾನಗಳಿಗೆ ಸೇರಿ 17,000 ಟನ್ನಿಗೂ ಹೆಚ್ಚು ಮೇಲೆದ್ದಿತು. ತಂದ ಕಲ್ಲುಮಣ್ಣು 382 ಕೆಜಿ. ಮನುಷ್ಯರಿಲ್ಲದೆ ಹೋದ ಸೋವಿಯತ್ ಒಕ್ಕೂಟದ ಲೂನಾ-16 ನೌಕೆ 1970ರಲ್ಲಿ ತಂದದ್ದು 101 ಗ್ರಾಂ. ಅಮೆರಿಕದ ಒಸೈರಿಸ್-ರೆಕ್ಸ್ ಏಳು ವರ್ಷದ ಯಾನ ಮುಗಿಸಿ 2023ರಲ್ಲಿ ಬೆನ್ನು ಎಂಬ ಕ್ಷುದ್ರಗ್ರಹದಿಂದ ತಂದದ್ದು 121.6 ಗ್ರಾಂ.

ಇವರೆಲ್ಲರಿಗಿಂತ ನನ್ನ ಮನಸ್ಸು ನಿಲ್ಲುವುದು ಜಪಾನಿನ ಹಯಬುಸಾ ಮೇಲೆ. 2003ರ ಮೇ ತಿಂಗಳಲ್ಲಿ ಹೊರಟಿತು. ದಾರಿಯುದ್ದಕ್ಕೂ ಒಂದಲ್ಲ ಒಂದು ಕೆಟ್ಟಿತು: ನೌಕೆಯ ಮುಖ ತಿರುಗಿಸುವ ಗಾಲಿಗಳು ಕೈಕೊಟ್ಟವು, ಇಂಧನ ಸೋರಿತು, ವಾರಗಟ್ಟಲೆ ಸಂಪರ್ಕವೇ ಇರಲಿಲ್ಲ. ಇಟೊಕಾವ ಎಂಬ ಕ್ಷುದ್ರಗ್ರಹವನ್ನು ಮುಟ್ಟಿದಾಗ, ಮಾದರಿ ಎಬ್ಬಿಸಲು ಸಿಡಿಯಬೇಕಿದ್ದ ಗುಂಡು ಸಿಡಿಯಲೇ ಇಲ್ಲ. ಅಂತೂ ಏಳು ವರ್ಷದ ಮೇಲೆ, 2010ರ ಜೂನಿನಲ್ಲಿ, ಅದರ ಡಬ್ಬಿ ಆಸ್ಟ್ರೇಲಿಯಾದ ಮರಳುಗಾಡಿನಲ್ಲಿ ಬಿತ್ತು. ತೆರೆದು ಹುಡುಕಿದರೆ ಸಿಕ್ಕಿದ್ದು 1,500ರಷ್ಟು ಕಣ, ಹೆಚ್ಚಿನವು ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತ ಚಿಕ್ಕವು. ಎಲ್ಲ ಗುಡಿಸಿ ಒಟ್ಟು ಮಾಡಿದರೂ ಒಂದು ಮಿಲಿಗ್ರಾಂ ಆಗಲಿಲ್ಲ. ಕ್ಷುದ್ರಗ್ರಹದ ಮೈಯಿಂದಲೇ ಮನುಷ್ಯ ಕಿತ್ತು ತಂದ ಮೊದಲ ಮಾದರಿ ಅದು. ಭೂಮಿಯ ಮೇಲೆ ಬೀಳುವ ಬಹುಪಾಲು ಉಲ್ಕೆಗಳ ಮೂಲ ಅಂಥ ಕ್ಷುದ್ರಗ್ರಹಗಳೇ ಎಂಬುದು ಆ ಧೂಳಿನಿಂದ ಗಟ್ಟಿಯಾಯಿತು. ತಮ್ಮನಾದ ಹಯಬುಸಾ-2 ಹೋದಾಗ ಗುರಿ ಇಟ್ಟುಕೊಂಡಿದ್ದೇ ಗ್ರಾಮಿನ ಹತ್ತನೇ ಒಂದು ಪಾಲು. 2020ರಲ್ಲಿ ಅದು 5.4 ಗ್ರಾಂ ತಂದಾಗ ವಿಜ್ಞಾನಿಗಳಿಗೆ ಸುಗ್ಗಿ.

ತೂಕವಾದರೂ ಕಣ್ಣಿಗೆ ಕಾಣುವಂಥದ್ದು. ಇದಕ್ಕಿಂತ ಭೀಕರವಾಗಿ ಸವೆಯುವುದು ರೇಡಿಯೊ ಸಂಕೇತ. ದೂರ ಎರಡರಷ್ಟಾದರೆ ಸಂಕೇತ ನಾಲ್ಕನೇ ಒಂದು ಪಾಲಾಗುತ್ತದೆ. ದೂರ ಹತ್ತರಷ್ಟಾದರೆ ನೂರನೇ ಒಂದು ಪಾಲು. ಬೆಂಗಳೂರಿನಿಂದ 40 ಕಿ.ಮೀ. ಆಚೆ ಬ್ಯಾಲಾಳಿನಲ್ಲಿ ಇಸ್ರೋ 2008ರಲ್ಲಿ 32 ಮೀಟರ್ ಅಗಲದ ಆಂಟೆನಾ ನಿಲ್ಲಿಸಿದ್ದು ಈ ಕಾರಣಕ್ಕೇ. ಅದರ ಬಾಯಗಲವನ್ನು ನೆಲದ ಮೇಲೆ ಹಾಸಿದರೆ ಬೆಂಗಳೂರಿನ 30x40 ಅಡಿಯ ಸೈಟುಗಳು ಏಳು ಹಿಡಿಯುತ್ತವೆ. ಮೊದಲ ಚಂದ್ರಯಾನದಿಂದ ಮಂಗಳಯಾನ, ಸೂರ್ಯನನ್ನು ನೋಡುವ ಆದಿತ್ಯದವರೆಗೆ ಎಲ್ಲರ ಮಾತನ್ನೂ ಕೇಳಿಸಿಕೊಂಡ ಕಿವಿ ಅದು. ಚಂದ್ರಯಾನ-3ರ ರೋವರ್ ತಾನಾಗಿ ಭೂಮಿಯೊಡನೆ ಮಾತಾಡುವಂತಿರಲಿಲ್ಲ. ಅದು ಲ್ಯಾಂಡರಿಗೆ ಹೇಳಬೇಕು, ಲ್ಯಾಂಡರ್ 3.84 ಲಕ್ಷ ಕಿ.ಮೀ. ಆಚೆಯಿಂದ ಇತ್ತ ದಾಟಿಸಬೇಕು.

ಚಂದ್ರ ಹತ್ತಿರವಾಯಿತು. 1977ರಲ್ಲಿ ಹೊರಟ ವಾಯೇಜರ್-1 ಈಗ 2,500 ಕೋಟಿ ಕಿ.ಮೀ. ದಾಟಿದೆ. ಅದರ ಟ್ರಾನ್ಸ್‌ಮಿಟರಿನ ಶಕ್ತಿ ಸುಮಾರು 23 ವ್ಯಾಟ್. 3.7 ಮೀಟರಿನ ಡಿಶ್ ಆ ಶಕ್ತಿಯನ್ನು ಅರ್ಧ ಡಿಗ್ರಿಯಷ್ಟು ಕಿರಿದಾದ ಕಿರಣವಾಗಿ ಭೂಮಿಯತ್ತ ಹಿಡಿದಿದೆ. ಕಿರಿದೇನೋ ಹೌದು, ಆದರೆ ಇಲ್ಲಿಗೆ ಬರುವಷ್ಟರಲ್ಲಿ ಅದು ಭೂಮಿಗೂ ಸೂರ್ಯನಿಗೂ ನಡುವಿನ 15 ಕೋಟಿ ಕಿ.ಮೀ.ಗಿಂತ ಅಗಲವಾಗಿ ಹರಡಿರುತ್ತದೆ. ಅದರೊಳಗೆಲ್ಲೋ ಭೂಮಿ, ಭೂಮಿಯ ಮೇಲೆಲ್ಲೋ ನಾಸಾದ 70 ಮೀಟರ್ ಆಂಟೆನಾ. ಅದಕ್ಕೆ ದಕ್ಕುವ ಪಾಲು ತಿಳಿಯಬೇಕಾದರೆ ಒಂದು ವ್ಯಾಟನ್ನು ಕೋಟಿ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ಭಾಗ ಮಾಡಿ, ಅದರಲ್ಲೂ ಒಂದನ್ನು ಹತ್ತು ಸಾವಿರ ಭಾಗ ಮಾಡಿ. ಕೊನೆಯ ಆ ತುಣುಕಿನ ಅರ್ಧದಷ್ಟು ಬರುತ್ತದೆ. ಅದರಿಂದ ಸೆಕೆಂಡಿಗೆ 160 ಬಿಟ್ ಮಾಹಿತಿ ಹೆಕ್ಕುತ್ತಾರೆ. ಮೊಬೈಲಿನಲ್ಲಿ ಕನ್ನಡದ ಒಂದು ಅಕ್ಷರಚಿಹ್ನೆಗೆ 24 ಬಿಟ್ ಬೇಕು. ಆ ಲೆಕ್ಕದಲ್ಲಿ ಸೆಕೆಂಡಿಗೆ ಆರು ಚಿಹ್ನೆ. ನನ್ನ ಟೈಪಿಂಗಿಗಿಂತ ವಾಯೇಜರೇ ಚುರುಕು.

ನೌಕೆಯೊಳಗೂ ಸವೆತ ನಿಂತಿಲ್ಲ. ಪ್ಲುಟೋನಿಯಮ್ಮಿನ ಬಿಸಿಯಿಂದ ಹುಟ್ಟುವ ವಿದ್ಯುತ್ತು ಹೊರಟಾಗ 470 ವ್ಯಾಟಿನಷ್ಟಿತ್ತು. ವರ್ಷಕ್ಕೆ ಸುಮಾರು 4 ವ್ಯಾಟ್ ಇಳಿಯುತ್ತ ಬಂದಿದೆ. ಅದಕ್ಕೇ ಎಂಜಿನಿಯರುಗಳು ಹೀಟರುಗಳನ್ನು ಆರಿಸಿದರು, ಆಮೇಲೆ ಉಪಕರಣಗಳನ್ನು ಒಂದೊಂದಾಗಿ ಆರಿಸುತ್ತಿದ್ದಾರೆ.

ಜೋಡಿ ನೌಕೆ ವಾಯೇಜರ್-2ಕ್ಕೆ 2023ರ ಜುಲೈನಲ್ಲಿ ಒಂದು ತಪ್ಪು ಆದೇಶ ಹೋಯಿತು. ಅದರ ಆಂಟೆನಾ ಭೂಮಿಯಿಂದ ಎರಡು ಡಿಗ್ರಿ ಪಕ್ಕಕ್ಕೆ ಸರಿಯಿತು. ಕಿರಣವೇ ಅರ್ಧ ಡಿಗ್ರಿ ಇರುವಾಗ ಎರಡು ಡಿಗ್ರಿ ಎಂದರೆ ಪೂರ್ತಿ ಕೈತಪ್ಪಿದಂತೆ. ನೌಕೆ ಸುಮಾರು 1,990 ಕೋಟಿ ಕಿ.ಮೀ. ದೂರದಲ್ಲಿತ್ತು. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಕೇಂದ್ರದಿಂದ ಅತ್ಯಂತ ಶಕ್ತಿಶಾಲಿ ಟ್ರಾನ್ಸ್‌ಮಿಟರ್ ಹಚ್ಚಿ, ಓರೆಯಾಗಿ ನಿಂತ ಆ ಆಂಟೆನಾಕ್ಕೂ ಕೇಳಿಸಲಿ ಎಂದು, ಭೂಮಿಯತ್ತ ತಿರುಗು ಎಂಬ ಆದೇಶವನ್ನು ಕೂಗಿ ಹೇಳಿದರು. ಕೂಗು ಮುಟ್ಟಲು ಹದಿನೆಂಟೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. ಕೆಲಸ ಫಲಿಸಿತೋ ಇಲ್ಲವೋ ತಿಳಿಯಲು 37 ಗಂಟೆ ಕಾಯಬೇಕಾಯಿತು. ಆಗಸ್ಟ್ 4ಕ್ಕೆ ನೌಕೆಯಿಂದ ಮಾಹಿತಿ ಮತ್ತೆ ಬರತೊಡಗಿತು.