ವಿರಮ್‌ಗಾಮ್ ಬಯಲಿನಲ್ಲಿ ಹೊಸದೊಂದು ಕುಲ!

ಹುಲಿ, ಸಿಂಹ, ಚಿರತೆ ಮೂರೂ ಜೀವಶಾಸ್ತ್ರದ ಲೆಕ್ಕದಲ್ಲಿ ಒಂದೇ ಕುಲ. ಅಷ್ಟು ದೊಡ್ಡ ಪ್ರಾಣಿಗಳೇ ಒಂದೇ ಮನೆಯಲ್ಲಿ ಹೊಂದಿಕೊಂಡಿರುವಾಗ, ಗುಜರಾತಿನ ಒಂದು ಪುಟ್ಟ ಹಾವಿಗೆ ಮಾತ್ರ ಭೂಮಿಯ ಮೇಲಿನ ಯಾವ ಮನೆಯಲ್ಲೂ ಜಾಗ ಸಿಗಲಿಲ್ಲ. ಅದೊಂದಕ್ಕೆಂದೇ ಹೊಸ ಮನೆ ಕಟ್ಟಬೇಕಾಯಿತು! ಹೊಸ ಪ್ರಭೇದವಲ್ಲ ಸ್ವಾಮಿ, ಹೊಸ ಕುಲ. ಅದೂ 2016ರಲ್ಲಿ. ಅದೂ ಅರುಣಾಚಲದ ಕಗ್ಗಾಡಿನಲ್ಲಲ್ಲ. ಅಹಮದಾಬಾದಿನಿಂದ ಸುಮಾರು 60 ಕಿಲೋಮೀಟರ್ ದೂರದ ವಿರಮ್‌ಗಾಮ್ ತಾಲ್ಲೂಕಿನ ಖೆಂಗಾರಿಯಾ ಎಂಬ ಹಳ್ಳಿಯಲ್ಲಿ!

ಸುತ್ತ ಹತ್ತಿ, ಜೀರಿಗೆ ಬೆಳೆಯುವ ಸೀಮೆ. ಸಾವಿರಾರು ವರ್ಷಗಳಿಂದ ಜನ ಉತ್ತು, ಬಿತ್ತು, ದನ ಮೇಯಿಸಿದ ನೆಲ. ಅಲ್ಲಿ ತಿಳಿಕಂದು ಮೈ, ಮೂತಿಯಿಂದ ಕಣ್ಣು ಹಾಯ್ದು ಮೈಯುದ್ದಕ್ಕೂ ಎಳೆದ ಕಡುಬಣ್ಣದ ಪಟ್ಟೆ ಹೊತ್ತ ಈ ವಿಷವಿಲ್ಲದ ಹಾವು ತನ್ನ ಪಾಡಿಗೆ ತಾನು ಹರಿದಾಡಿಕೊಂಡಿತ್ತು. ಹೆಸರಿರಲಿಲ್ಲ, ಅಷ್ಟೇ.

ಹೆಸರಿಟ್ಟವರ ಊರುಗಳನ್ನು ನೋಡಿ. ವಡೋದರಾದ ರಾಜು ವ್ಯಾಸ್. ಸೂರತ್‌ನ ವೀರ ನರ್ಮದ ದಕ್ಷಿಣ ಗುಜರಾತ್ ವಿಶ್ವವಿದ್ಯಾಲಯದ ಹರ್ಷಿಲ್ ಪಟೇಲ್. ನಮ್ಮ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ ಜೀಶಾನ್ ಮಿರ್ಜಾ. ಜೊತೆಗೆ ಜಯದೀಪ್ ಮಹೇತಾ, ರಾಜೇಶ್ ಸಾನಪ್. ಹುರುಪೆ ಎಣಿಸಿದರು, ಡಿಎನ್‌ಎ ಓದಿದರು. ಗೊತ್ತಿದ್ದ ಯಾವ ಕುಲಕ್ಕೂ ತಾಳೆಯಾಗಲಿಲ್ಲ! ಕೊನೆಗೆ 'ವಾಲೇಸಿಯೋಫಿಸ್ ಗುಜರಾತೆನ್ಸಿಸ್' ಎಂದು ಕರೆದರು. 1858ರಲ್ಲಿ ಡಾರ್ವಿನ್ ಜೊತೆಗೇ ವಿಕಾಸದ ಗುಟ್ಟು ಬಿಡಿಸಿದ, ದ್ವೀಪದಿಂದ ದ್ವೀಪಕ್ಕೆ ಅಲೆದು ಜೀವಿಗಳ ನಕ್ಷೆ ಬರೆದ ಆಲ್‌ಫ್ರೆಡ್ ರಸೆಲ್ ವಾಲೇಸ್‌ನ ನೆನಪಿಗೆ.

ಬಯಲುನಾಡಿನ ಹಾವಿಗೂ ದ್ವೀಪಗಳ ಆ ಮನುಷ್ಯನಿಗೂ ಎತ್ತಣಿಂದೆತ್ತ ಎನ್ನಬೇಡಿ. ವಿರಮ್‌ಗಾಮ್‌ನ ಪಕ್ಕದಲ್ಲೇ ನಲ್ ಸರೋವರವಿದೆ, ಸುಮಾರು 120 ಚದರ ಕಿಲೋಮೀಟರಿನ ಪಕ್ಷಿಧಾಮ. ಒಂದು ಕಾಲಕ್ಕೆ ಸಮುದ್ರದ ಮಟ್ಟ ಮೇಲಿದ್ದಾಗ ಇದೇ ತಗ್ಗಿನುದ್ದಕ್ಕೂ ಕಡಲು ನುಗ್ಗಿ ಕಛ್ ಕೊಲ್ಲಿಯನ್ನೂ ಖಂಭಾತ್ ಕೊಲ್ಲಿಯನ್ನೂ ಸೇರಿಸಿತ್ತು ಎನ್ನುತ್ತಾರೆ ಭೂವಿಜ್ಞಾನಿಗಳು. ಅಂದರೆ ಸೌರಾಷ್ಟ್ರ ಆಗ ದ್ವೀಪ! ಆ ನೀರಿನ ಪಳೆಯುಳಿಕೆಯೇ ಈ ಸರೋವರ. ಇಲ್ಲಿಂದ ದಕ್ಷಿಣಕ್ಕೆ ಲೋಥಲ್. 1955ರಿಂದ ಅಲ್ಲಿ ನೆಲ ಅಗೆಸಿ, ಹರಪ್ಪ ಕಾಲದ ಹಡಗುಕಟ್ಟೆ ಇದು ಎಂದು ಲೋಕಕ್ಕೆ ತೋರಿಸಿದವರು ನಮ್ಮ ಕನ್ನಡಿಗ ಶಿಕಾರಿಪುರ ರಂಗನಾಥ ರಾವ್. ಈಗ ಅಲ್ಲಿ ನಿಂತರೆ ಸಮುದ್ರ ಎಲ್ಲಿದೆಯೆಂದು ಹುಡುಕಬೇಕು.

ದ್ವೀಪ ಎಂದಾಗ ಒಡಿಶಾದ ಚಿಲಿಕಾ ಸರೋವರದೊಳಗಿನ ಬರ್ಕುಡಾ ನೆನಪಾಗದೆ ಇರದು. 1917ರಲ್ಲಿ ನೆಲ್ಸನ್ ಆನಂಡೇಲ್ ಆ ಪುಟ್ಟ ದ್ವೀಪದ ಮಣ್ಣಿನಿಂದ ಕಾಲೇ ಇಲ್ಲದ ಹಲ್ಲಿಯೊಂದನ್ನು ಲೋಕಕ್ಕೆ ಪರಿಚಯಿಸಿದರು. ಥೇಟ್ ಎರೆಹುಳು! ಆಮೇಲೆ ದಶಕಗಟ್ಟಲೆ ಅದು ಯಾರ ಕಣ್ಣಿಗೂ ಬೀಳದೆ, ಅಳಿದೇಹೋಯಿತೇನೋ ಎಂಬ ಅಂಜಿಕೆ ಹುಟ್ಟಿತ್ತು. ಬರ್ಕುಡಾದ ಹಲ್ಲಿಯ ಸುತ್ತ ನೀರಿತ್ತು. ವಿರಮ್‌ಗಾಮ್‌ನ ಹಾವಿನ ಸುತ್ತ ಏರುತ್ತಿರುವುದು ಡಾಂಬರು, ಕಾಲುವೆ, ಕಾಂಪೌಂಡು.

ಪಕ್ಕದ ಸಾಣಂದ್‌ನಲ್ಲಿ ಕಾರಿನ ಕಾರ್ಖಾನೆ. ಆ ಕಡೆ ಹಾಂಸಲ್‌ಪುರದಲ್ಲಿ 2017ರಿಂದ ಇನ್ನೊಂದು. ನರ್ಮದೆಯ ಕಾಲುವೆ ಬಂದಲ್ಲೆಲ್ಲ ಒಣಭೂಮಿ ನೀರಾವರಿಯಾಯಿತು. ರೈತರು ಕಾದಿದ್ದೂ ಅದಕ್ಕೇ, ಅದನ್ನು ಬೇಡವೆನ್ನಲು ನಾನ್ಯಾರು? ಅದೇ ಅಹಮದಾಬಾದ್ ಜಿಲ್ಲೆಯ ಧೋಲೇರಾದಲ್ಲಿ 920 ಚದರ ಕಿಲೋಮೀಟರಿನ ಹೂಡಿಕೆ ಪ್ರದೇಶ. ಉಳಿದ ಬಯಲಿಗೆ 'ಗಾಂಡೋ ಬಾವಳ' ನುಗ್ಗಿದೆ. ಹೆಸರು ಕೇಳಿ ಬೆಚ್ಚಬೇಡಿ, ನಮ್ಮ ಬಳ್ಳಾರಿ ಜಾಲಿಯೇ.

ಕಾಡು ಕಡಿದರೆ ಕೂಗೇಳುತ್ತದೆ. ಹುಲ್ಲುಬಯಲು ಹೋದರೆ ಕೇಳುವವರಿಲ್ಲ, ಏಕೆಂದರೆ ಸರಕಾರಿ ಕಾಗದದಲ್ಲಿ ಅದು 'ಪಾಳುಭೂಮಿ'. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ 9,000ಕ್ಕೂ ಹೆಚ್ಚು ಎಕರೆ ಸಂಸ್ಥೆಗಳ ಪಾಲಾದದ್ದನ್ನು ಕಂಡ ನಮಗೆ ಇದು ಹೊಸದಲ್ಲ. ಇಂಥ 'ಪಾಳು' ಸೀಮೆಯೇ ಜಗತ್ತಿಗೆ ಹೊಸ ಕುಲವೊಂದನ್ನು ಕೊಟ್ಟಿತು ಎಂಬುದು ನನಗಂತೂ ಇನ್ನೂ ಜೀರ್ಣವಾಗಿಲ್ಲ.

ಅಚ್ಚರಿ ಅಲ್ಲಿಗೇ ಮುಗಿಯಲಿಲ್ಲ! ಪಶ್ಚಿಮ ಭಾರತದಲ್ಲಿ ಇನ್ನೊಂದು ಅಪರೂಪದ ನುಣುಪು ಹಾವಿದೆ. 1866ರಲ್ಲಿ ಪ್ರಾಣಿಶಾಸ್ತ್ರಜ್ಞ ಗುಂಥರ್ ವಿವರಿಸಿದ್ದು. ಅದನ್ನು ಬಹುಕಾಲ ಯುರೋಪಿನ ಹಾವುಗಳ ಕೊರೊನೆಲ್ಲಾ ಕುಲದಲ್ಲಿ ಕೂರಿಸಿದ್ದರು. 1929ರಲ್ಲಿ ವರ್ನರ್ ಎಂಬ ಇನ್ನೊಬ್ಬ ತಜ್ಞ ಅದಕ್ಕೊಂದು ಬೇರೆ ಕುಲ ಕೊಟ್ಟದ್ದೂ ಮೂಲೆಗೆ ಬಿದ್ದಿತ್ತು. 2018ರಲ್ಲಿ ಮಿರ್ಜಾ ಮತ್ತು ಪಟೇಲ್ ಅದರ ಡಿಎನ್‌ಎ ತೆರೆದು ನೋಡುತ್ತಾರೆ: ಯುರೋಪಿಗೂ ಇದಕ್ಕೂ ನಂಟಿಲ್ಲ, ವರ್ನರ್ ಹೇಳಿದ್ದೇ ಸರಿ! ಸತ್ತಿದ್ದ ಕುಲ 'ವಾಲೋಫಿಸ್' ಮತ್ತೆ ಎದ್ದು ಕೂತಿತು. ಅದರಲ್ಲಿರುವುದೂ ಒಂದೇ ಪ್ರಭೇದ, ಅದೂ ಭಾರತದ್ದೇ. ವಿರಮ್‌ಗಾಮ್‌ನ ಪಟ್ಟೆ ಹಾವಿಗೆ ಅದೇ ಒಡಹುಟ್ಟು.