ಎಲೆ ಬಿಟ್ಟು ಏಳದ ಜೀವಕೋಶಗಳು

ಕಳೆದ ವರ್ಷ ಮೈಸೂರಿನಲ್ಲಿರುವ ನಮ್ಮ ಅಮ್ಮನಿಗೆ ಸ್ತನ ಕ್ಯಾನ್ಸರ್ ಇರುವುದು ಗೊತ್ತಾಗಿ ಕೀಮೋಥೆರಪಿ ಶುರುವಾಯಿತು. ಶನಿವಾರದ ವಿಡಿಯೋ ಕರೆಯಲ್ಲಿ ತಲೆಗೆ ಸೆರಗು ಹೊದ್ದು ಕುಳಿತ ಅಜ್ಜಿಯನ್ನು ನೋಡಿ ನಮ್ಮ ಮಗಳು, "ಕೆಟ್ಟ ಸೆಲ್ಲುಗಳನ್ನು ಸಾಯಿಸೋ ಔಷಧಿ ಒಳ್ಳೇ ಕೂದಲನ್ನ ಯಾಕೆ ಉದುರಿಸುತ್ತೆ?" ಎಂದು ಕೇಳಿದಳು. ನಾವು ಓದಿದ್ದು ಎಂಜಿನಿಯರಿಂಗ್, ಮಾಡುವುದು ಸಾಫ್ಟ್‌ವೇರ್ ಕೆಲಸ. ಉತ್ತರ ಗೊತ್ತಿರಲಿಲ್ಲ. ಲೈಬ್ರರಿಯ ಪುಸ್ತಕಗಳನ್ನು ಓದಿ, ಡಾಕ್ಟರ್ ಮಿತ್ರರನ್ನು ಕಾಡಿಸಿ ನಾವು ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ಮೊದಲು ತಿಳಿದ ಸಂಗತಿಯೇ ನಮಗೆ ಆಶ್ಚರ್ಯ ತಂದಿತು. ಕೀಮೋ ಔಷಧಿಗಳಲ್ಲಿ ಹೆಚ್ಚಿನವು ಜೀವಕೋಶವನ್ನು ಹೊಡೆದು ಕೊಲ್ಲುವುದಿಲ್ಲ; ಅದು ತಾನಾಗಿಯೇ ಸಾಯುವಂತೆ ಮಾಡುತ್ತವೆ. ಸಾಯುವ ವಿಧಾನ ಪ್ರತಿ ಕೋಶದೊಳಗೆ ಮೊದಲೇ ಬರೆದಿಟ್ಟಿರುತ್ತದೆ. 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ಮೂವರು ವಿಜ್ಞಾನಿಗಳು ಇದಕ್ಕೆ 'ಅಪಾಪ್ಟೋಸಿಸ್' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ, ಮರದಿಂದ ಎಲೆ ಉದುರುವುದು. ಗರ್ಭದಲ್ಲಿ ಮಗುವಿನ ಅಂಗೈ ಮೊದಲು ಚಪ್ಪಟೆಯಾಗಿರುತ್ತದೆ. ನಡುವಿನ ಕೋಶಗಳು ಹೀಗೆ ಉದುರಿದಾಗಲೇ ಐದು ಬೆರಳುಗಳು ಬೇರೆಯಾಗುತ್ತವೆ. ದೊಡ್ಡವರಾದ ಮೇಲೂ ನಮ್ಮ ದೇಹದಲ್ಲಿ ದಿನಕ್ಕೆ ಸುಮಾರು 33,000 ಕೋಟಿ ಕೋಶಗಳು ಹೋಗಿ ಹೊಸವು ಬರುತ್ತವೆ ಎಂದು ಅಂದಾಜು.

ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಪೆಟ್ಟು ಬಿದ್ದು ಕೋಶ ಒಡೆದುಹೋಗುವುದು ಪ್ರೋಗ್ರಾಮ್ 'ಕ್ರ್ಯಾಶ್' ಆದ ಹಾಗೆ. ಒಳಗಿನದೆಲ್ಲ ಹೊರಗೆ ಚೆಲ್ಲಿ, ಸುತ್ತ ಉರಿ, ಊತ. ಅಪಾಪ್ಟೋಸಿಸ್ ಹಾಗಲ್ಲ. ಕೋಶ ಕುಗ್ಗುತ್ತದೆ, ಸಣ್ಣ ಸಣ್ಣ ಪೊಟ್ಟಣಗಳಾಗುತ್ತದೆ, ಅಕ್ಕಪಕ್ಕದವರಿಗೆ ತೊಂದರೆ ಕೊಡದೆ ಹೋಗುತ್ತದೆ.

ಇದರಲ್ಲಿ ಕೊಬ್ಬಿನ ಪಾತ್ರವೇನು? ಕೊಬ್ಬು ಎಂದರೆ ನಮಗೆ ನೆನಪಾಗುವುದು ತುಪ್ಪ ಮತ್ತು ಕೊಲೆಸ್ಟರಾಲ್ ರಿಪೋರ್ಟ್. ಆದರೆ ಪ್ರತಿ ಕೋಶದ ಹೊರಪೊರೆ 'ಲಿಪಿಡ್' ಎಂಬ ಜಿಡ್ಡಿನ ಅಣುಗಳ ಎರಡು ಪದರಗಳಿಂದಾಗಿದೆ. ಬರೀ ಗೋಡೆ ಎಂದುಕೊಂಡಿದ್ದ ಈ ಅಣುಗಳು ಸಂದೇಶವನ್ನೂ ಒಯ್ಯುತ್ತವೆ.

ಅಂತಹ ಒಂದು ಅಣು ಸೆರಮೈಡ್. ಕೋಶಕ್ಕೆ ತೀವ್ರ ಹಾನಿಯಾದಾಗ ಇದರ ಪ್ರಮಾಣ ಏರುತ್ತದೆ. ಅದು ಕೋಶವನ್ನು ಸಾವಿನತ್ತ ತಳ್ಳಬಲ್ಲದು ಎಂದು 1993ರಲ್ಲಿ ಅಮೆರಿಕದಲ್ಲಿ ಯೂಸುಫ್ ಹನ್ನುನ್ ಮತ್ತು ಲೀನಾ ಒಬೇದ್ ಅವರ ತಂಡ ತೋರಿಸಿತು. ವಿಚಿತ್ರವೆಂದರೆ, ಎರಡೇ ರಾಸಾಯನಿಕ ಹೆಜ್ಜೆಗಳಲ್ಲಿ ಇದೇ ಸೆರಮೈಡ್ 'ಸ್ಫಿಂಗೋಸಿನ್-1-ಫಾಸ್ಫೇಟ್' ಆಗುತ್ತದೆ. ಅದು ಹೇಳುವುದು ತದ್ವಿರುದ್ಧ: "ಬದುಕು, ಬೆಳೆ." 1996ರಲ್ಲಿ ಸಾರಾ ಸ್ಪೀಗೆಲ್ ಅವರ ತಂಡ ಇದನ್ನು ಕಂಡುಕೊಂಡಿತು. ತಕ್ಕಡಿಯ ಯಾವ ತಟ್ಟೆ ಭಾರವಾಗಿದೆ ಎನ್ನುವುದು ಕೋಶದ ಅಳಿವು ಉಳಿವನ್ನು ನಿರ್ಧರಿಸುವ ಕಾರಣಗಳಲ್ಲಿ ಒಂದು.

ಇನ್ನೊಂದು ಅಣು ಫಾಸ್ಫಟೈಡಿಲ್‌ಸೆರೀನ್. ಆರೋಗ್ಯವಂತ ಕೋಶ ಇದನ್ನು ಪೊರೆಯ ಒಳಪದರದಲ್ಲೇ, ಶಕ್ತಿ ಖರ್ಚುಮಾಡಿ, ಹಿಡಿದಿಟ್ಟುಕೊಂಡಿರುತ್ತದೆ. ಸಾಯುವ ಹೊತ್ತಿಗೆ ಅದು ಹೊರಪದರಕ್ಕೆ ಬರುತ್ತದೆ. ಊಟ ಮುಗಿದ ಮೇಲೆ ನಾವು ಬಾಳೆಎಲೆ ಮಡಚುವ ಹಾಗೆ! ಅದನ್ನು ಕಂಡೊಡನೆ ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣಗಳು ಬಂದು ಕೋಶವನ್ನು ನುಂಗಿ ಜಾಗ ಸ್ವಚ್ಛ ಮಾಡುತ್ತವೆ. ಈ ಅಣುವನ್ನು ಹೊರಗೆ ತರುವ ಪ್ರೋಟೀನ್ ಒಂದನ್ನು ಜಪಾನಿನ ಶಿಗೆಕಾಜು ನಾಗಾಟಾ ಅವರ ತಂಡ 2013ರಲ್ಲಿ ಗುರುತಿಸಿತು.

ಕ್ಯಾನ್ಸರ್ ಕೋಶದ ತಂಟೆ ಇರುವುದು ಇಲ್ಲೇ. ಸಾಯಬೇಕಾದಾಗ ಅದು ಸಾಯುವುದಿಲ್ಲ. ಕೆಲವು ಕ್ಯಾನ್ಸರ್ ಕೋಶಗಳು ಸೆರಮೈಡ್‌ಗೆ ಒಂದು ಸಕ್ಕರೆ ಅಣುವನ್ನು ಅಂಟಿಸಿ ಅದರ ಬಾಯಿ ಮುಚ್ಚಿಸುತ್ತವೆ. ಆಗ ಔಷಧಿಯೂ ನಾಟುವುದಿಲ್ಲ. ಈ ದಾರಿಯನ್ನು ತಡೆಯುವುದು ಹೇಗೆಂದು ಸಂಶೋಧನೆ ನಡೆದಿದೆ. ಹಾಗೆಂದು ತುಪ್ಪ ತಿಂದರಾಗಲಿ, ಅಂಗಡಿಯ ಸೆರಮೈಡ್ ಕ್ರೀಮ್ ಹಚ್ಚಿದರಾಗಲಿ ಕ್ಯಾನ್ಸರ್ ವಾಸಿಯಾಗದು. ಆ ಕ್ರೀಮ್ ಒಣಚರ್ಮಕ್ಕಷ್ಟೇ.

ಇನ್ನು ಮಗಳ ಪ್ರಶ್ನೆ. ಕೂದಲ ಬುಡದ ಕೋಶಗಳೂ ಕ್ಯಾನ್ಸರ್ ಕೋಶಗಳಂತೆ ವೇಗವಾಗಿ ವಿಭಜಿಸುತ್ತವೆ. ಔಷಧಿ ಅವಕ್ಕೂ ಪೆಟ್ಟು ಕೊಡುತ್ತದೆ, ಅವೂ ಸಾಯುತ್ತವೆ. ಆದರೆ ಬುಡದ ಆಳದಲ್ಲಿರುವ ಮೂಲಕೋಶಗಳು ಸಾಮಾನ್ಯವಾಗಿ ಉಳಿಯುವುದರಿಂದ ಚಿಕಿತ್ಸೆ ಮುಗಿದ ಮೇಲೆ ಕೂದಲು ಮತ್ತೆ ಬರುತ್ತದೆ.

ಮುಂದಿನ ಶನಿವಾರ ಮಗಳು ಇದನ್ನೆಲ್ಲ ಅಜ್ಜಿಗೆ ವಿವರಿಸಿದಳು. ಅಮ್ಮ ನಕ್ಕು, "ಅಂದ್ರೆ ಊಟ ಆದ್ರೂ ಎಲೆ ಬಿಟ್ಟು ಏಳದ ನೆಂಟರು ಅನ್ನು ಪುಟ್ಟಿ! ಡಾಕ್ಟ್ರು ಎಬ್ಬಿಸ್ತಾ ಇದಾರೆ ಬಿಡು" ಎಂದರು. ಈಗ ಅವರ ತಲೆಯಲ್ಲಿ ಒಂದಂಗುಲ ಕೂದಲು ಬಂದಿದೆ. ತಪಾಸಣೆಗಳು ಮುಂದುವರಿದಿವೆ.

ಕೊನೆಯದಾಗಿ ಒಂದು ಮಾತು. ಎದೆಯಲ್ಲಿ ಗಂಟು ಕೈಗೆ ಸಿಕ್ಕಿ ಮೂರು ತಿಂಗಳಾದರೂ ಅಮ್ಮ ನಮಗೆ ಹೇಳಿರಲಿಲ್ಲ. "ದೂರದಲ್ಲಿದೀರಿ, ಯಾಕೆ ಗಾಬರಿ ಮಾಡೋದು ಅಂತ" ಎಂದರು. ನಾವೂ ಪ್ರತಿ ವಾರ "ಊಟ ಆಯ್ತಾ, ಮಳೆ ಬಂತಾ" ಎಂದು ಕೇಳಿ ಫೋನ್ ಇಡುತ್ತಿದ್ದೆವು. ಈ ವಾರ ಊರಿಗೆ ಫೋನ್ ಮಾಡಿದಾಗ, ಸಂಕೋಚ ಬಿಟ್ಟು ಇನ್ನೊಂದು ಪ್ರಶ್ನೆಯನ್ನೂ ಕೇಳಿ: "ಅಮ್ಮ, ಡಾಕ್ಟರ್ ಹತ್ರ ತೋರಿಸ್ಕೊಂಡ್ಯಾ?"