ಮಕ್ಕಳೊಂದಿಗೆ ನಲವತ್ತು ದಿನ

ಈ ವರ್ಷ ಫೆಬ್ರುವರಿ 18ಕ್ಕೆ ವಿಭೂತಿ ಬುಧವಾರ. ಅಂದಿನಿಂದ ಈಸ್ಟರ್ ಹಬ್ಬದವರೆಗೆ ನಮ್ಮ ಕ್ರೈಸ್ತ ಮನೆಗಳಲ್ಲಿ ತಪಸ್ಸುಕಾಲ. ಹಿಂದಿನ ವರ್ಷ ಗರಿಗಳ ಭಾನುವಾರದಂದು ಹಿಡಿದು ಮೆರವಣಿಗೆ ಹೋದ ಗರಿಗಳನ್ನೇ ಸುಟ್ಟು ಬೂದಿ ಮಾಡಿ, ಗುರುಗಳು ನಮ್ಮ ಹಣೆಗೆ ಶಿಲುಬೆಯ ಆಕಾರದಲ್ಲಿ ಹಚ್ಚುತ್ತಾರೆ. ಅಂದು ಶಾಲೆಗೆ ಹೋದ ಮಕ್ಕಳಿಗೆ ಎಲ್ಲರದೂ ಒಂದೇ ಪ್ರಶ್ನೆ: "ಹಣೆಗೇನೋ ಅದು, ಮಸಿ?"

ನಾನು ಬ್ಯಾಂಕಿನಲ್ಲಿದ್ದಾಗ ಪಕ್ಕದ ಕೌಂಟರಿನ ಗೆಳೆಯರೊಬ್ಬರು ಕ್ಯಾಲೆಂಡರ್ ನೋಡುತ್ತಾ ಕೇಳಿದ್ದರು, "ನಲವತ್ತು ದಿನದ ಉಪವಾಸ ಅಂತೀರಲ್ಲ, ಎಣಿಸಿದರೆ ನಲವತ್ತಾರು ಬರುತ್ತೆ. ಆರು ದಿನ ಯಾರ ಖಾತೆಗೆ ಹೋಯಿತು?" ಲೆಕ್ಕದವರ ಕಣ್ಣಿಗೆ ತಪ್ಪುವುದುಂಟೇ! ಈ ವರ್ಷದ ಲೆಕ್ಕವನ್ನೇ ನೋಡಿ. ಫೆಬ್ರುವರಿಯಲ್ಲಿ 11 ದಿನ, ಮಾರ್ಚಿನಲ್ಲಿ 31, ಏಪ್ರಿಲಿನಲ್ಲಿ ಈಸ್ಟರಿಗೆ ಮುಂಚಿನ 4. ಒಟ್ಟು 46. ಇದರಲ್ಲಿ ಆರು ಭಾನುವಾರಗಳನ್ನು ಕಳೆಯಬೇಕು. ಭಾನುವಾರ ಯೇಸು ಪುನರುತ್ಥಾನರಾದ ದಿನ, ಹಬ್ಬದ ದಿನ, ಅಂದು ಉಪವಾಸವಿಲ್ಲ. ಉಳಿದದ್ದು 40. ಯೇಸು ಮರುಭೂಮಿಯಲ್ಲಿ ಉಪವಾಸವಿದ್ದ ದಿನಗಳೂ ಅಷ್ಟೇ. ಈ ಭಾನುವಾರದ ಲೆಕ್ಕವನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ಮುಂದೆ ಅದರ ಕೆಲಸವಿದೆ.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಉಪವಾಸ, ಪ್ರಾರ್ಥನೆ ಹೇಗೆ ನಡೆಸುವುದು ಎಂದು ಅನೇಕ ಯುವ ತಂದೆತಾಯಿಗಳು ಕೇಳುತ್ತಾರೆ. ಮೂರು ತಲೆಮಾರು ಒಂದೇ ಸೂರಿನಡಿ ಇರುವ ಮನೆ ನಮ್ಮದು. ನಾನು, ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗ, ಆರು ವರ್ಷದ ಮೊಮ್ಮಗಳು. ನಾನು ಕಂಡದ್ದನ್ನು ಹೇಳುತ್ತೇನೆ.

ಮೊದಲು ನಿಯಮದ ಮಾತು. ಜನ ತಿಳಿದುಕೊಂಡಷ್ಟು ಅದು ಕಠಿಣವಾಗಿಲ್ಲ. 1983ರ ಕಥೋಲಿಕ ಸಭೆಯ ಕಾನೂನಿನಂತೆ ಕಡ್ಡಾಯ ಉಪವಾಸ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅಂದು ಒಂದು ಹೊತ್ತು ಪೂರ್ತಿ ಊಟ, ಬೇಕಾದರೆ ಇನ್ನೆರಡು ಹೊತ್ತು ಸ್ವಲ್ಪ ಸ್ವಲ್ಪ. ಆ ಎರಡೂ ಸೇರಿ ಒಂದು ಊಟದಷ್ಟಾಗಬಾರದು. ಇದು 18 ತುಂಬಿದವರಿಂದ 59 ತುಂಬುವವರೆಗೆ ಮಾತ್ರ. ಮಾಂಸ ಬಿಡುವ ನಿಯಮ 14 ತುಂಬಿದವರಿಗೆ. ಅಂದರೆ ಉಪವಾಸದಿಂದ ಎಪ್ಪತ್ತನಾಲ್ಕರ ನನಗೂ ರಜೆ, ಮೊಮ್ಮಕ್ಕಳಿಗೂ ರಜೆ. ಹೊರೆ ಮಗ ಸೊಸೆಯದು! ಆದರೆ ಅದೇ ಕಾನೂನು ಇನ್ನೊಂದು ಮಾತು ಸೇರಿಸುತ್ತದೆ. ವಯಸ್ಸಾಗದ ಮಕ್ಕಳಿಗೂ ತಪಸ್ಸಿನ ನಿಜವಾದ ಅರ್ಥ ತಿಳಿಯುವಂತೆ ಗುರುಗಳೂ ತಂದೆತಾಯಿಗಳೂ ನೋಡಿಕೊಳ್ಳಬೇಕು ಎನ್ನುತ್ತದೆ. ಮಕ್ಕಳನ್ನು ಹಸಿವಿನಲ್ಲಿಡಿ ಎಂದಿಲ್ಲ, ಅರ್ಥ ತಿಳಿಸಿ ಎಂದಿದೆ. ಹಸಿವಿನಲ್ಲಿಡುವುದು ಸುಲಭ, ಅರ್ಥ ತಿಳಿಸುವುದೇ ಕಷ್ಟ.

ನಮ್ಮ ಕಾಲ ಬೇರೆ ಇತ್ತು. ಆಗ ಪ್ರಸಾದ ಸ್ವೀಕರಿಸಬೇಕಾದರೆ ಹಿಂದಿನ ಮಧ್ಯರಾತ್ರಿಯಿಂದ ಒಂದು ಹನಿ ನೀರೂ ಕುಡಿಯುವಂತಿರಲಿಲ್ಲ. ನನ್ನ ಅಕ್ಕನ ಮೊದಲ ಪರಮಪ್ರಸಾದ ಆದದ್ದು 1952ರಲ್ಲಿ, ಅವಳಿಗೆ ಎಂಟು ವರ್ಷ. ಮಕ್ಕಳು ನಿದ್ದೆಗಣ್ಣಿನಲ್ಲಿ ಎದ್ದು ರೂಢಿಯಂತೆ ನೀರು ಕುಡಿದುಬಿಟ್ಟಾರೆಂದು ಅಮ್ಮ ರಾತ್ರಿಯೇ ನೀರಿನ ಬಿಂದಿಗೆಗೆ ಬಟ್ಟೆ ಕಟ್ಟಿಡುತ್ತಿದ್ದಳು. ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ಒಂದು ಹನಿ ಗಂಟಲಿಗಿಳಿಯಿತೇನೋ ಎಂಬ ಅನುಮಾನದಲ್ಲಿ ಅಕ್ಕ ಅತ್ತದ್ದನ್ನು ಅಮ್ಮ ಎಷ್ಟೋ ಸಲ ಹೇಳುತ್ತಿದ್ದಳು. ಮರುವರ್ಷವೇ ರೋಮಿನಿಂದ ನೀರಿಗೆ ವಿನಾಯಿತಿ ಬಂತು. 1957ರಲ್ಲಿ ಅನ್ನಾಹಾರಕ್ಕೆ ಮೂರು ಗಂಟೆ ಎಂದಾಯಿತು, ನನ್ನ ಸರದಿ ಬಂದದ್ದು ಆಗ. 1964ರಿಂದ ಒಂದೇ ಗಂಟೆ. "ನೀನು ಅದೃಷ್ಟವಂತ ಕಣೋ" ಎಂದು ಅಕ್ಕ ಇಂದಿಗೂ ಹಂಗಿಸುತ್ತಾಳೆ. ನಿಯಮ ಸಡಿಲವಾದದ್ದರಿಂದ ಭಕ್ತಿ ಸಡಿಲವಾಯಿತು ಎನ್ನುವ ಹಿರಿಯರಿದ್ದಾರೆ. ನಾನು ಆ ಗುಂಪಿಗೆ ಸೇರಿದವನಲ್ಲ. ಎಂಟು ವರ್ಷದ ಹುಡುಗಿ ಹನಿ ನೀರಿಗೆ ಹೆದರಿ ಅಳುವುದರಲ್ಲಿ ನನಗೆ ಭಕ್ತಿ ಕಾಣುವುದಿಲ್ಲ.

ನೌಕರಿಯ ಮೊದಲ ವರ್ಷಗಳಲ್ಲಿ ನಾನು ನರಸಿಂಹರಾಜಪುರದ ಕಡೆ ಇದ್ದೆ. ಅಲ್ಲಿ ಕೇರಳದಿಂದ ಬಂದು ನೆಲೆಸಿದ ಸಿರಿಯನ್ ಕ್ರೈಸ್ತ ಕುಟುಂಬಗಳಿವೆ. ಅವರದು ಐವತ್ತು ದಿನದ ನೋಂಬು; ಮಾಂಸ, ಮೀನು, ಮೊಟ್ಟೆ, ಕಟ್ಟುನಿಟ್ಟಿನವರು ಹಾಲನ್ನೂ ಮುಟ್ಟುವುದಿಲ್ಲ. ಅದಕ್ಕೂ ಮುಂಚೆ ನಿನೆವೆ ಪಟ್ಟಣದ ನೆನಪಿಗೆ ಮೂರು ದಿನದ ನೋಂಬು ಬೇರೆ. ಪ್ರವಾದಿ ಯೋನನ ಮಾತು ಕೇಳಿ ನಿನೆವೆಯ ಅರಸ ಸಿಂಹಾಸನದಿಂದಿಳಿದು ಬೂದಿಯಲ್ಲಿ ಕುಳಿತ ಕಥೆ ಅದು. ಜನರಷ್ಟೇ ಅಲ್ಲ, ದನಕುರಿಗಳೂ ಮೇಯಬಾರದೆಂದು ಅವನ ಅಪ್ಪಣೆ. ಈ ಕಥೆ ಹೇಳಿದಾಗ ಮೊಮ್ಮಗಳು ತಕ್ಷಣ ಕೇಳಿದಳು, "ಹಸು ಏನು ತಪ್ಪು ಮಾಡಿತ್ತು ತಾತ?" ಉತ್ತರ ನನ್ನಲ್ಲಿರಲಿಲ್ಲ. ಆದರೆ ಅದೇ ಪುಸ್ತಕದ ಕೊನೆಯಲ್ಲಿ ದೇವರು ಆ ಊರಿನ ಅಷ್ಟೊಂದು ಜನರ ಜೊತೆಗೆ ದನಕರುಗಳ ಮೇಲೂ ಕನಿಕರ ತೋರುವ ಮಾತಿದೆ. ಅದನ್ನು ಓದಿ ಹೇಳಿದೆ. ಸಮಾಧಾನವಾಯಿತು.

ಮಕ್ಕಳ ಹೊಟ್ಟೆಯ ವಿಷಯದಲ್ಲಿ ನಮ್ಮ ಮನೆಯ ಪದ್ಧತಿ ಸ್ಪಷ್ಟ. ಚಿಕ್ಕ ಮಕ್ಕಳ ಮೈಯಲ್ಲಿ ಕೂಡಿಟ್ಟ ಶಕ್ತಿ ಕಡಿಮೆ, ಬೇಗ ಸುಸ್ತಾಗುತ್ತಾರೆ. ಆದ್ದರಿಂದ ಅವರ ತಿಂಡಿ, ಊಟ, ನೀರು ಯಾವುದೂ ತಪ್ಪುವುದಿಲ್ಲ. ಸಕ್ಕರೆ ಕಾಯಿಲೆಯೋ ಬೇರೇನೋ ಔಷಧಿಯೋ ಇರುವ ಮಗುವಾದರಂತೂ ವೈದ್ಯರನ್ನು ಕೇಳದೆ ಏನನ್ನೂ ಬದಲಿಸಬಾರದು. ಊಟದ ಹೊತ್ತು ಬದಲಾಗುವುದಿಲ್ಲ, ಊಟ ಬದಲಾಗುತ್ತದೆ. ಶುಕ್ರವಾರ ಬಾಡು, ಮೀನು ಇಲ್ಲ. ಮುದ್ದೆ, ಹುರುಳಿಕಾಳಿನ ಸಾರು. ಶುಭ ಶುಕ್ರವಾರ ಎಲ್ಲರಿಗೂ ಗಂಜಿ, ಉಪ್ಪಿನಕಾಯಿ. ದೊಡ್ಡವರದು ಒಪ್ಪೊತ್ತು, ಮಕ್ಕಳಿಗೆ ಮೂರು ಹೊತ್ತು. ಒಂದೇ ಪಾತ್ರೆಯ ಗಂಜಿ ಎಲ್ಲರ ತಟ್ಟೆಗೂ ಬೀಳುವುದರಿಂದ ಮಕ್ಕಳಿಗೆ ತಾವೂ ಸೇರಿದ್ದೇವೆ ಎನಿಸುತ್ತದೆ.

ಇದಲ್ಲದೆ ಪ್ರತಿಯೊಬ್ಬರೂ ಒಂದೊಂದು ವಸ್ತುವನ್ನೋ ಅಭ್ಯಾಸವನ್ನೋ ನಲವತ್ತು ದಿನ ಬಿಡುತ್ತೇವೆ. ಏನು ಬಿಡಬೇಕೆಂದು ಮಕ್ಕಳಿಗೆ ಯಾರೂ ಹೇಳುವುದಿಲ್ಲ, ಅವರೇ ಹೇಳಬೇಕು. ಕಳೆದ ವರ್ಷ ಮೊಮ್ಮಗಳು "ಮೊದಲು ನಾನು" ಎನ್ನುವುದನ್ನು ಬಿಟ್ಟಳು. ಮೂರನೆಯ ದಿನಕ್ಕೇ, "ಬಿಟ್ಟಿದ್ದೀನಿ ಅಂತ ಮೊದಲು ಹೇಳಿದ್ದು ನಾನು!" ಎಂದಳು. ಮಗ ಊಟದ ಹೊತ್ತಿನಲ್ಲಿ ಮೊಬೈಲ್ ಬಿಟ್ಟ. ಮಕ್ಕಳು ತಮ್ಮ ವ್ರತಕ್ಕಿಂತ ಅಪ್ಪನ ವ್ರತವನ್ನು ಹೆಚ್ಚು ನಿಷ್ಠೆಯಿಂದ ಕಾವಲು ಕಾದರು. ನಾನು ಕಾಫಿಗೆ ಸಕ್ಕರೆ ಬಿಟ್ಟೆ. ಅದು ಹೇಗಿರುತ್ತದೆಂದು ಬರೆಯದಿರುವುದೇ ಮೇಲು. ಉಪವಾಸ ಮಾಡುವಾಗ ಮುಖ ಸಪ್ಪೆ ಮಾಡಿಕೊಂಡು ಊರಿಗೆಲ್ಲ ತೋರಿಸಬೇಡಿ, ಮುಖ ತೊಳೆದು ಎಣ್ಣೆ ಹಚ್ಚಿಕೊಳ್ಳಿ ಎಂದು ಯೇಸು ಹೇಳಿದ್ದಾರೆ.

ಬಿಟ್ಟದ್ದರಿಂದ ಉಳಿದ ಹಣ ಎಲ್ಲಿ ಹೋಗುತ್ತದೆ ಎನ್ನುವುದು ಮಕ್ಕಳಿಗೆ ಬಹಳ ಮುಖ್ಯ. ನಾನೊಂದು ಹಳೆಯ ಕ್ಯಾಷ್ ಪುಸ್ತಕ ಇಟ್ಟಿದ್ದೇನೆ. ಚಾಕೊಲೇಟ್ 10 ರೂಪಾಯಿ, ಶುಕ್ರವಾರದ ಮಾಂಸ ಇಷ್ಟು, ನನ್ನ ಸಕ್ಕರೆ ಇಷ್ಟು ಎಂದು ಮೊಮ್ಮಗನೇ ಬರೆಯುತ್ತಾನೆ. ಮಿಜೋರಾಮಿನ ಕ್ರೈಸ್ತ ಮನೆಗಳಲ್ಲಿ ಪ್ರತಿ ಸಲ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿಯನ್ನು ಬೇರೆ ಡಬ್ಬಿಗೆ ಹಾಕಿ, ತುಂಬಿದ ಮೇಲೆ ಸಭೆಗೆ ಕೊಡುವ ಪದ್ಧತಿಯಿದೆ. ಹೆಂಗಸರು ಹಿಡಿ ಹಿಡಿಯಾಗಿ ಕೂಡಿಸಿದ ಆ ಅಕ್ಕಿಯಿಂದಲೇ ಅಲ್ಲಿ ದೊಡ್ಡ ದೊಡ್ಡ ಸೇವಾಕಾರ್ಯಗಳು ನಡೆದಿವೆ. ಇದನ್ನು ಓದಿ ಸೊಸೆ ನಮ್ಮಲ್ಲೂ ಒಂದು ಡಬ್ಬಿ ಇಟ್ಟಳು. ಹಿಡಿ ಹಾಕುವ ಕೆಲಸ ಮೊಮ್ಮಗಳದು. ಪುಟ್ಟ ಹಿಡಿ, ಹಾಗಾಗಿ ಎರಡು ಸಲ ಹಾಕುತ್ತಾಳೆ. ಕಳೆದ ವರ್ಷ ಆ ಅಕ್ಕಿ, ಹಣ ನಮ್ಮ ಬೀದಿಯ ಕಸ ಒಯ್ಯುವ ಅಮ್ಮನ ಮನೆಗೆ ಹೋಯಿತು. ಅವರ ಮಗಳಿಗೆ ನೋಟುಬುಕ್ಕು, ಚೀಲ ಬಂತು. ಕೊಡುವಾಗ ಫೋಟೊ ತೆಗೆಯುವುದು ಬೇಡವೆಂದು ಮೊದಲೇ ಮಾತಾಗಿತ್ತು. ಹಸಿದವನಿಗೆ ರೊಟ್ಟಿ ಹಂಚುವುದೇ ನನಗೆ ಬೇಕಾದ ಉಪವಾಸ ಎಂಬ ಅರ್ಥದ ಮಾತು ಪ್ರವಾದಿ ಯೆಶಾಯನ ಪುಸ್ತಕದಲ್ಲಿದೆ. ಅದಕ್ಕೆ ಮಕ್ಕಳಿಗೆ ವಿವರಣೆಯೇ ಬೇಕಾಗಲಿಲ್ಲ.

ಪ್ರಾರ್ಥನೆ ರಾತ್ರಿ ಊಟಕ್ಕೆ ಮುಂಚೆ, ಕಣ್ಣಿಗೆ ನಿದ್ದೆ ಹತ್ತುವ ಮೊದಲು. ಹತ್ತು ನಿಮಿಷ ಸಾಕು. ಜಪಸರ ಪೂರ್ತಿ ಐದು ಹತ್ತುಗಳನ್ನು ದೊಡ್ಡವರು ಆಮೇಲೆ ಹೇಳಿಕೊಳ್ಳಲಿ, ಮಕ್ಕಳೊಂದಿಗೆ ಒಂದು ಹತ್ತು ಮಣಿ. ಮೇಣದ ಬತ್ತಿ ಹಚ್ಚುವುದು ಅಣ್ಣ, ಆರಿಸುವುದು ತಂಗಿ. ಶುಕ್ರವಾರ ಶಿಲುಬೆ ಹಾದಿ. ಹದಿನಾಲ್ಕು ಸ್ಥಳಗಳ ಚಿತ್ರಗಳನ್ನು ಹಾಲ್ ಗೋಡೆಗೆ ಅಂಟಿಸಿ ಒಂದೊಂದರ ಮುಂದೆ ನಿಲ್ಲುತ್ತೇವೆ. ವೆರೋನಿಕಾ ಯೇಸುವಿನ ಮುಖ ಒರೆಸುವ ಆರನೆಯ ಸ್ಥಳ ಬಂದಾಗ ಮೊಮ್ಮಗಳು ತನ್ನ ಕರವಸ್ತ್ರ ತೆಗೆಯುತ್ತಾಳೆ. ಕೊನೆಯಲ್ಲಿ ಮಕ್ಕಳು ತಮ್ಮ ಮಾತಿನಲ್ಲೇ ಬೇಡಿಕೊಳ್ಳಬೇಕು. ಬೀದಿಯ ಕುಂಟು ನಾಯಿ, ಗಣಿತದ ಪರೀಕ್ಷೆ, ಶಾಲೆಯ ಆಟೊ ಅಂಕಲ್‌ರ ಕೆಮ್ಮು, ಎಲ್ಲವೂ ಬರುತ್ತವೆ. ನಗಬಾರದು, ತಿದ್ದಬಾರದು.

ಈಗ ಆ ಭಾನುವಾರದ ಮಾತಿಗೆ ಬರುತ್ತೇನೆ. ಎರಡು ವರ್ಷದ ಹಿಂದೆ ತಪಸ್ಸುಕಾಲದಲ್ಲೇ ನನ್ನ ಹೆಂಡತಿಯ ಕಾಯಿಲೆ ಉಲ್ಬಣಿಸಿತು. ಮೊಮ್ಮಗನಿಗೆ ಆಗ ಏಳು ವರ್ಷ. "ಅಜ್ಜಿ ಹುಷಾರಾಗಲಿ ಅಂತ ಐಸ್‌ಕ್ರೀಮ್ ಬಿಟ್ಟಿದ್ದೀನಿ" ಎಂದು ಅವನೇ ಘೋಷಿಸಿದ. ನಾಲ್ಕನೆಯ ಭಾನುವಾರ ಅವಳನ್ನು ನೋಡಲು ಹೋದಾಗ, ಆಸ್ಪತ್ರೆಯ ಕ್ಯಾಂಟೀನಿನಿಂದ ಒಂದು ಕಪ್ ತರಿಸಿ, "ಇವತ್ತು ಭಾನುವಾರ, ಉಪವಾಸ ಇಲ್ಲ ಕಂದ. ನನಗೆ ಬಾಯಿ ರುಚಿಯಿಲ್ಲ, ನೀನು ತಿನ್ನು, ನಾನು ನೋಡ್ತೀನಿ" ಎಂದು ಅವಳೇ ಚಮಚದಲ್ಲಿ ತಿನ್ನಿಸಿದಳು. ಅದೇ ವಾರ ಗುರುವಾರ ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದ ಮೂರನೆಯ ರಾತ್ರಿ, ಪ್ರಾರ್ಥನೆಗೆ ಕುಳಿತಾಗ ಹುಡುಗ ಬಾಯಿ ಬಿಡಲಿಲ್ಲ. ಮಲಗುವ ಹೊತ್ತಿಗೆ ನನ್ನ ಹತ್ತಿರ ಬಂದು ಕೇಳಿದ, "ತಾತ, ಭಾನುವಾರ ಲೆಕ್ಕಕ್ಕಿಲ್ಲ ಅಂತ ನಿಜವಾಗಲೂ ಇದೆಯಾ? ಅಜ್ಜಿ ಸುಮ್ಮನೆ ಹೇಳಿದ್ದಾ?"

ಆ ಪ್ರಶ್ನೆಯ ಹಿಂದೆ ಏನಿದೆಯೆಂದು ತಿಳಿಯಲು ನನಗೆ ಅರೆಗಳಿಗೆ ಬೇಕಾಯಿತು. ಗೋಡೆಯ ಕ್ಯಾಲೆಂಡರ್ ಇಳಿಸಿ ಹಾಸಿಗೆಯ ಮೇಲೆ ಹರಡಿದೆ. ಅವನ ಬೆರಳು ಹಿಡಿದು ಎಣಿಸಿದೆ. ನಲವತ್ತಾರು, ಆರು ಭಾನುವಾರ ಕಳೆದು ನಲವತ್ತು. ಎರಡು ಸಲ ಎಣಿಸಿದ. ಆಮೇಲೆ ಸೊಸೆ ಅವನನ್ನು ತೊಡೆಗೆಳೆದುಕೊಂಡು ಹೇಳಿದಳು: "ನೀನು ಇಡೀ ವರ್ಷ ತಿಂದಿದ್ದರೂ, ಇಡೀ ವರ್ಷ ಬಿಟ್ಟಿದ್ದರೂ ಅಜ್ಜಿಯ ಕಾಯಿಲೆ ಅದೇ ಇರ್ತಿತ್ತು ಪುಟ್ಟ. ನೀನು ಬಿಟ್ಟಿದ್ದು ಔಷಧಿ ಅಲ್ಲ, ನಿನ್ನ ಪ್ರೀತಿ. ಅದು ಅಜ್ಜಿಗೆ ಗೊತ್ತಿತ್ತು." ಹಾಗಾದರೆ ದೇವರು ಯಾಕೆ ಕೇಳಲಿಲ್ಲ ಎಂದ. ಗೆತ್ಸೆಮನೆ ತೋಟದಲ್ಲಿ ಯೇಸುವೇ ಸಾವಿನ ಹಿಂದಿನ ರಾತ್ರಿ ಈ ಕಷ್ಟ ತಪ್ಪಲಿ ಎಂದು ಬೇಡಿಕೊಂಡದ್ದನ್ನು, ಅದು ತಪ್ಪದೇ ಹೋದದ್ದನ್ನು ಅವಳು ನೆನಪಿಸಿದಳು. ಯೇಸುವಿನ ಮಾತನ್ನೂ ಕೇಳಲಿಲ್ವಾ ಎಂದು ಆಶ್ಚರ್ಯಪಟ್ಟ. ಅದಕ್ಕಿಂತ ಹೆಚ್ಚಿನ ಉತ್ತರ ನಮ್ಮ ಮೂವರಲ್ಲೂ ಇರಲಿಲ್ಲ. ಅವನು ಆಗ ಅತ್ತ. ಮೂರು ದಿನದಲ್ಲಿ ಮೊದಲ ಸಲ.

ನಾನು ಮೂವತ್ತೈದು ವರ್ಷ ಠೇವಣಿ, ಬಡ್ಡಿಯ ನಡುವೆ ಬಾಳಿದವನು. ಇಷ್ಟು ಕಟ್ಟಿದರೆ ಇಷ್ಟು ಬರುತ್ತದೆ ಎನ್ನುವುದು ಅಲ್ಲಿಯ ನ್ಯಾಯ. ಉಪವಾಸವನ್ನು ಮಕ್ಕಳಿಗೆ ಆ ನ್ಯಾಯದಲ್ಲಿ ಹೇಳಿಕೊಟ್ಟರೆ, ಬಾರದಿದ್ದ ದಿನ ಮಗು ತನ್ನನ್ನೇ ತಪ್ಪಿತಸ್ಥನೆಂದು ಬರೆದುಕೊಳ್ಳುತ್ತದೆ. ಪರೀಕ್ಷೆಯಲ್ಲಿ ಪಾಸಾಗಲು, ಅಪ್ಪನಿಗೆ ಕೆಲಸ ಸಿಗಲು ಮಕ್ಕಳಿಂದ ಹರಕೆ ಹೊರಿಸುವುದನ್ನು ಎಲ್ಲ ಧರ್ಮದ ಮನೆಗಳಲ್ಲೂ ಕಂಡಿದ್ದೇನೆ. ದೊಡ್ಡವರ ಹರಕೆ ದೊಡ್ಡವರೇ ಹೊರಲಿ.

ಮರುವರ್ಷ ವಿಭೂತಿ ಬುಧವಾರ ಬಂದಾಗ ಮೊಮ್ಮಗ, "ನಾನು ಏನೂ ಬಿಡಲ್ಲ" ಎಂದ. ಆಗಲಿ ಎಂದೆವು. ಕ್ಯಾಷ್ ಪುಸ್ತಕ ಮಾತ್ರ ಬರೆದುಕೊಡು ಎಂದೆ, ಬರೆದ. ಆ ವರ್ಷ ರಂಜಾನ್ ಮತ್ತು ನಮ್ಮ ತಪಸ್ಸುಕಾಲ ಒಟ್ಟಿಗೇ ಬಂದಿದ್ದವು. ಪಕ್ಕದ ಮನೆಯ ಅವನ ಗೆಳೆಯನದು ಅದು ಮೊದಲ ರೋಜಾ, ಒಂದೇ ದಿನದ್ದು. ಅಂದು ಸಂಜೆ ಕ್ರಿಕೆಟ್ ಆಡುವಾಗ ನಮ್ಮವನು ನೀರಿನ ಬಾಟಲಿಯನ್ನು ಮುಚ್ಚಿಟ್ಟು, ಇಫ್ತಾರಿನ ಹೊತ್ತಿಗೆ ಅವನ ಜೊತೆಯಲ್ಲೇ ಖರ್ಜೂರ ತಿಂದು ಬಂದ. ಯಾರೂ ಹೇಳಿಕೊಟ್ಟದ್ದಲ್ಲ. ಸೊಸೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ, ಇಬ್ಬರೂ ಏನೂ ಕೇಳಲಿಲ್ಲ.

ಈ ಸಲ ಏನು ಬಿಡುತ್ತಾನೋ, ಬಿಡುತ್ತಾನೋ ಇಲ್ಲವೋ, ಇನ್ನೂ ಹೇಳಿಲ್ಲ. ಹೊಸ ಪುಟಕ್ಕೆ ಗೆರೆ ಹಾಕಿ ತಾರೀಖು ಬರೆದಿಟ್ಟಿದ್ದಾನೆ. ಆರು ಭಾನುವಾರಗಳಿಗೆ ಕೆಂಪು ಶಾಯಿ.